ಬಟ್ಟಲಲ್ಲಿ ಉಳಿದ ಮೇಷ್ಟ್ರು

ನನ್ನ ಗಂಡ ತೀರಿಕೊಂಡ ಮೂರನೆಯ ದಿನ, ತಿ. ನರಸೀಪುರದ ಸಂಗಮದಲ್ಲಿ ಅಸ್ಥಿ ಬಿಟ್ಟು ಊರಿಗೆ ಬಂದು ಒಳಗೆ ಒದ್ದೆ ಸೀರೆ ಬದಲಿಸುತ್ತಿದ್ದೆ. ಹೊರಗೆ ಜಗಲಿಯ ಮೇಲೆ, ಮೈಸೂರಿನಿಂದ ಬಂದಿದ್ದ ವಿಜ್ಞಾನಿ ಹೆಣ್ಣುಮಗಳು ನನ್ನ ಅತ್ತೆಯ ಕೈ ಹಿಡಿದುಕೊಂಡು, "ಅಜ್ಜಿ, ಅವರು ಪೂರ್ತಿ ಹೋಗಿಲ್ಲ. ಅವರ ಒಂದು ಭಾಗ ನಮ್ಮ ಲ್ಯಾಬಲ್ಲಿ ಇನ್ನೂ ಬದುಕಿದೆ" ಎಂದದ್ದು ಕೇಳಿಸಿತು. ಸಮಾಧಾನಕ್ಕೆಂದು ಆಡಿದ ಮಾತು ಅದು. ಸಾವಿನ ಮನೆಗೆ ಬಂದವರು ಏನಾದರೊಂದು ಹೇಳಲೇಬೇಕು, ಅವಳೂ ಹೇಳಿದಳು. ಆದರೆ ಆ ಮಾತು ನಿಜವಾಗಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಅವಳು ನಮ್ಮ ಬದುಕಿನೊಳಗೆ ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. ನಾನು ನಂಜನಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ನಾಟಕದ ಮೇಷ್ಟ್ರು. ಊರು ನರಸೀಪುರದ ಕಡೆ, ಅಲ್ಲಿ ಪಾಲಿನ ಗದ್ದೆ ಇತ್ತು, ಅದನ್ನು ಅವರ ಅಣ್ಣ ನೋಡಿಕೊಳ್ಳುತ್ತಿದ್ದರು. ನಾವಿಬ್ಬರೂ ನನ್ನ ಕೆಲಸದ ದೆಸೆಯಿಂದ ನಂಜನಗೂಡಿನಲ್ಲಿ ಮನೆ ಮಾಡಿಕೊಂಡಿದ್ದೆವು. ಮಕ್ಕಳಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಆಗಾಗ ಒಂದು ಪೌರಾಣಿಕ ನಾಟಕ ಆಡದಿದ್ದರೆ ಗಂಡಸರಿಗೆ ಮೈಮೇಲೆ ಏನೋ ಹರಿದಾಡಿದ ಹಾಗೆ ಆಗುತ್ತದೆ. ಕಿರೀಟ ಇಟ್ಟುಕೊಳ್ಳುವವರೆಲ್ಲ ಕಬ್ಬು ಬೆಳೆಯುವವರು, ಡೈರಿಗೆ ಹಾಲು ಹಾಕುವವರು, ಪಂಚಾಯಿತಿಯ ವಾಟರ್‌ಮ್ಯಾನ್. ಅವರಿಗೆ ತಿಂಗಳುಗಟ್ಟಲೆ ಮಾತು, ಹಾಡಿನ ಮಟ್ಟು, ನಿಲ್ಲುವ ಜಾಗ ಕಲಿಸಿ, ನಾಟಕದ ದಿನ ರಂಗದ ಪಕ್ಕದಲ್ಲಿ ಕಾಲು ಹಾರ್ಮೋನಿಯಂ ತುಳಿಯುತ್ತ ಕೂರುವವರೇ ಮೇಷ್ಟ್ರು.

ಆ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಹಾಡುವವನು ಸಂಗೀತಗಾರನಲ್ಲ. ಬೆಳಗ್ಗೆ ಎಮ್ಮೆ ತೊಳೆದು ಸಂಜೆ ರಾಜನಾದವನು. ಅವನಿಗೆ ಎಲ್ಲಿ ಉಸಿರು ಸಾಲದಾಗುತ್ತದೆ, ಯಾವ ಸಾಲು ಕೈಕೊಡುತ್ತದೆ ಎಂಬುದು ಅವನಿಗಿಂತ ಮೊದಲು ಮೇಷ್ಟ್ರಿಗೆ ಗೊತ್ತಿರಬೇಕು. ಆ ಜಾಗ ಬಂದಾಗ ಹಾರ್ಮೋನಿಯಂ ಮುಂದೆ ಬಂದು ಶ್ರುತಿ ಹಿಡಿದುಕೊಂಡು ಅವನ ಮಾನ ಕಾಯಬೇಕು, ಅವನು ಚೇತರಿಸಿಕೊಂಡ ಕೂಡಲೇ ಹಿಂದೆ ಸರಿಯಬೇಕು. ನನ್ನ ಗಂಡ ಇದರಲ್ಲಿ ಎತ್ತಿದ ಕೈ. ಮನೆಯಲ್ಲೂ ಹಾಗೆಯೇ ಇದ್ದರು. ನಾನು ಸಿಟ್ಟಿನವಳು, ಬಾಯಿಗೆ ಬಂದದ್ದು ಅಂದುಬಿಡುತ್ತೇನೆ. ನಾನು ನಿಲ್ಲಿಸುವವರೆಗೆ ಸುಮ್ಮನಿದ್ದು ಆಮೇಲೆ ಕಾಫಿ ಬೇಕಾ ಎಂದು ಕೇಳುತ್ತಿದ್ದರು.

ಈ ಹೆಣ್ಣುಮಗಳು ಯಾವುದೋ ಹಳ್ಳಿಯ ನಾಟಕದಲ್ಲಿ ಅವರ ನುಡಿಸಾಣಿಕೆ ಕೇಳಿ, ನಮ್ಮ ವಿಳಾಸ ಹುಡುಕಿಕೊಂಡು ಒಂದು ಭಾನುವಾರ ಬೆಳಗ್ಗೆ ಮನೆಗೆ ಬಂದಳು. ಉಪ್ಪಿಟ್ಟು ತಿನ್ನುತ್ತ ತನ್ನ ಯೋಜನೆ ವಿವರಿಸಿದಳು. ಒಬ್ಬ ಸಂಗೀತಗಾರರಿಂದ ಸ್ವಲ್ಪ ರಕ್ತ ತೆಗೆದುಕೊಳ್ಳುವುದು. ಅದರ ಕೆಲವು ಜೀವಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಇನ್ನೂ ಏನೂ ಆಗಿರದ ಎಳೆಯ ಸ್ಥಿತಿಗೆ ಒಯ್ಯುವುದು, ಅಲ್ಲಿಂದ ಮಿದುಳಿನ ನರಕೋಶಗಳಾಗುವಂತೆ ಬೆಳೆಸುವುದು. ಅವು ಬೆಳೆಯುವ ಬಟ್ಟಲಿನ ತಳದಲ್ಲಿ ಕೂದಲಿಗಿಂತ ಸಣ್ಣ ತಂತಿಗಳಿರುತ್ತವೆ. ಎದುರಿಗೆ ಯಾರಾದರೂ ಹಾಡಿದರೆ ಆ ದನಿ ಸಣ್ಣ ವಿದ್ಯುತ್ ತಟ್ಟಾಗಿ ಕೋಶಗಳಿಗೆ ತಲುಪುತ್ತದೆ, ಕೋಶಗಳು ತಮ್ಮ ಮಟ್ಟಿಗೆ ಮಿಡಿಯುತ್ತವೆ, ಆ ಮಿಡಿತ ಯಂತ್ರದ ಬೆರಳುಗಳಿಗೆ ಹೋಗಿ ಹಾರ್ಮೋನಿಯಂ ನುಡಿಯುತ್ತದೆ. ಜನರ ಮುಂದೆ, ಹಾಡುವವರ ಜೊತೆ, ಒಂದು ಕಛೇರಿ. ಇದು ವಿಜ್ಞಾನವೋ ಕಲೆಯೋ ಎಂದು ನಾನು ಕೇಳಿದೆ. "ಎರಡೂ ಕಡೆಯವರು ಬೈತಾರೆ ಮೇಡಂ" ಎಂದಳು. ಆ ಉತ್ತರಕ್ಕೆ ನನಗೆ ಅವಳು ಹಿಡಿಸಿದಳು.

"ಅಂದ್ರೆ ಅದಕ್ಕೆ ನನ್ ಮಟ್ಟೆಲ್ಲ ಬತ್ತದಾ?" ನನ್ನ ಗಂಡ ಕೇಳಿದರು.

"ಎಲ್ಲಿಂದ ಬರುತ್ತೆ? ನಿಮ್ಮ ಮಟ್ಟು ಇರೋದು ನಿಮ್ಮ ತಲೇಲಿ, ರಕ್ತದಲ್ಲಲ್ಲ. ಅದು ಏನೂ ಬಾರದ ಕೋಶ" ಎಂದೆ ನಾನು. ಹುಡುಗಿಯೂ ತಲೆಯಾಡಿಸಿದಳು.

ಅವರ ಮುಖ ಸ್ವಲ್ಪ ಸಣ್ಣಗಾಯಿತು. ಆಮೇಲೆ ಎದ್ದು ಅಂಗಿಯ ತೋಳು ಮಡಿಸಿದರು. "ಓಗ್ಲಿ ಬುಡು. ನಂಗೂ ಉಟ್ಟಿದ್ದಾಗ ಏನು ಬತ್ತಿತ್ತು? ತಗಳವ್ವ, ಎಷ್ಟು ಬೇಕೋ ತಗೋ."

ರಕ್ತ ಕೊಟ್ಟು ಹತ್ತಿ ಒತ್ತಿಕೊಂಡು ಕೂತಿದ್ದಾಗ ತಮ್ಮ ಆಸೆಯೊಂದನ್ನು ಹೇಳಿದರು. ನಾಟಕದ ಮೇಷ್ಟ್ರು ಕೂರುವುದು ರಂಗದ ಮಗ್ಗುಲಲ್ಲಿ, ನಟರ ಕಡೆಗೆ ಮುಖ ಮಾಡಿ. ಜನಕ್ಕೆ ಕಾಣುವುದು ಅವರ ಒಂದು ಕಿವಿ, ಒಂದು ಭುಜ. "ಜೀವಮಾನ್ದಲ್ಲಿ ಒಂದ್ ನಾಟ್ಕಾನೂ ಮುಂದ್ಗಡೆ ಕುಂತ್ಕಂಡು ನೋಡಿಲ್ಲ ಕಣವ್ವ. ನಿನ್ ಕಛೇರೀಲಿ ನಂಗೆ ಮುಂದಿನ್ ಕುರ್ಚಿ ಕೊಡು. ಅದು ನುಡುಸ್ಲಿ, ನಾನು ಕೇಳ್ತೀನಿ." ಅವಳು ಕೊಡುತ್ತೇನೆ ಎಂದು ಮಾತು ಕೊಟ್ಟಳು.

ಕೋಶಗಳು ಬೆಳೆಯಲು ತಿಂಗಳುಗಳೇ ಹಿಡಿದವು. ನಡುವೆ ಅವಳು ಫೋನಿಗೆ ಚಿತ್ರ ಕಳಿಸುತ್ತಿದ್ದಳು: ಕಪ್ಪು ಹಿನ್ನೆಲೆಯಲ್ಲಿ ಹಸಿರು ಎಳೆಗಳು. ನನ್ನ ಗಂಡ ಅದನ್ನು ಹಾಲಿನವನಿಗೂ ಪೇಪರಿನವನಿಗೂ ತೋರಿಸಿ ಬಂದರು. ನನಗೆ ತಲೆ ಚಿಟ್ಟು ಹಿಡಿಯಿತು. "ಜನ ಹುಚ್ಚು ಅಂತಾರೆ" ಎಂದೆ. "ನಾಟ್ಕದ ಮೇಷ್ಟ್ರಾದಾಗ್ಲೇ ಅಂದಾಯ್ತಲ್ಲ" ಎಂದು ನಕ್ಕರು.

ಒಮ್ಮೆ ಇಬ್ಬರೂ ಮೈಸೂರಿನ ಲ್ಯಾಬಿಗೆ ಹೋದೆವು. ಅಲ್ಲಿ ಇನ್ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆ, ಅದರೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ಬಟ್ಟಲು, ಬಟ್ಟಲಲ್ಲಿ ಗುಲಾಬಿ ಬಣ್ಣದ ದ್ರವ. ಅದು ಕೋಶಗಳ ಆಹಾರ, ಎರಡು ಮೂರು ದಿನಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಆದರೆ ತಂತಿ ಸಿಕ್ಕಿಸಿದಾಗ ಪಕ್ಕದ ಪರದೆಯ ಮೇಲೆ ಚುಕ್ಕೆಗಳು ಮಿನುಗತೊಡಗಿದವು. ಅವಳು ನಮ್ಮ ಮನೆಯಿಂದಲೇ ಒಯ್ದಿದ್ದ ಕಾಲು ಹಾರ್ಮೋನಿಯಮ್ಮಿಗೆ ಗಾಳಿಯ ಮೋಟಾರು, ಬೆರಳಿಟ್ಟು ಒತ್ತುವ ಸ್ವರದ ಮನೆಗಳ ಮೇಲೆ ಸಣ್ಣ ಕಬ್ಬಿಣದ ಬೆರಳುಗಳನ್ನು ಜೋಡಿಸಿದ್ದಳು. ನನ್ನ ಗಂಡ ಗಂಟಲು ಸರಿ ಮಾಡಿಕೊಂಡು ನಾಟಕದ ಒಂದು ಕಂದಪದ್ಯ ಎತ್ತಿದರು. ಎರಡನೆಯ ಪದಕ್ಕೇ ಹಾರ್ಮೋನಿಯಂ ಧಬಧಬನೆ ನಾಲ್ಕು ಸ್ವರ ಒಟ್ಟಿಗೆ ನುಡಿದು ಅವರ ಮೇಲೆ ಬಿತ್ತು.

"ತಡ್ಕಳ್ಳಲಾ! ಇನ್ನೂ ಸಾಲೇ ಮುಗ್ದಿಲ್ಲ" ಎಂದು ಗದರಿದರು, ಹೊಸ ಹುಡುಗರನ್ನು ಗದರಿಸುವಂತೆಯೇ.

ಕೋಶಗಳು ತಮ್ಮಷ್ಟಕ್ಕೆ ತಾವು ಗುಂಪಾಗಿ ಮಿಡಿಯುತ್ತವೆ, ಹೇಳಿದ್ದನ್ನು ಕೇಳುವುದು ಕಡಿಮೆ ಎಂದು ಅವಳು ವಿವರಿಸಿದಳು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ತಾಂಡವಪುರ ದಾಟುವವರೆಗೂ ಅದೇ ಮಾತು. ಅದಕ್ಕೆ ಲಯ ಇಲ್ಲ, ಅವಸರದ ಬುದ್ಧಿ, ಕಲಿಸಿದರೆ ಬಂದೀತು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕಛೇರಿಗೆ ನರಸೀಪುರದ ಒಂದು ಸಣ್ಣ ಸಮುದಾಯ ಭವನ ಗೊತ್ತಾಯಿತು. ಹಾಡುವವರು ಅವರ ಶಿಷ್ಯರಲ್ಲೇ ಹಳಬರೊಬ್ಬರು, ಹಾಲಿನ ಡೈರಿಯ ಸೆಕ್ರೆಟರಿ, ಎಷ್ಟೋ ನಾಟಕಗಳಲ್ಲಿ ಗದೆ ಹೊತ್ತವರು. ಅವರಿಗೆ ತಾಲೀಮು ಕೊಟ್ಟು ಮನೆಗೆ ಬರಲೆಂದು ನನ್ನ ಗಂಡ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಎದೆ ಹಿಡಿದುಕೊಂಡು ಕೂತರಂತೆ. ಕೈಯಲ್ಲಿದ್ದ ಟೀ ಲೋಟವನ್ನು ಚೆಲ್ಲದ ಹಾಗೆ ಕೆಳಗಿಟ್ಟರು ಎಂದು ಅಂಗಡಿಯವನು ಹೇಳಿದ. ನಾನು ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಫೋನ್ ಬಂತು. ಸೀಮೆಸುಣ್ಣ ಇಟ್ಟು, ಕೈ ತೊಳೆದು, ಹೆಡ್‌ಮಾಸ್ಟರಿಗೆ ಹೇಳಿ ಹೊರಟೆ. ಅಳು ಬರಲಿಲ್ಲ. ಹೊಲದ ಬದಿಯಲ್ಲಿ ಸುಡುವಾಗಲೂ ಬರಲಿಲ್ಲ. ಓದಿದವರು ಹೀಗೇ ಎಂದು ಹೆಂಗಸರು ಮಾತಾಡಿಕೊಂಡರು, ನನಗೆ ಕೇಳಿಸುವ ಹಾಗೆ.

ಇನ್ನು ಆ ಜಗಲಿಯ ಮೇಲಿನ ಮಾತು. ನಾನು ಸೀರೆ ಸುತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಅತ್ತೆ ತಮ್ಮ ಕೈ ಬಿಡಿಸಿಕೊಂಡು ನೆಟ್ಟಗೆ ಕೂತಿದ್ದರು.

"ಬದುಕಿ ಅದೆ ಅಂದ್ರೆ ಎಂಗವ್ವ? ಉಂಡದಾ?"

"ಹೌದು ಅಜ್ಜಿ, ನಾನೇ ಹಾಕ್ತೀನಿ ಊಟ. ನಿನ್ನೆ ತಾನೇ ಹಾಕಿದೆ." ಪಾಪ, ಅವಳು ಕಣ್ಣೊರೆಸಿಕೊಂಡು ಹೆಮ್ಮೆಯಿಂದ ಹೇಳಿದಳು.

ಅತ್ತೆ ಎದ್ದು ನಿಂತು ತಮ್ಮ ದೊಡ್ಡ ಮಗನನ್ನು ಕೂಗಿದರು. "ಲೋ, ಬಾ ಇಲ್ಲಿ. ಉಣ್ಣೋ ಜೀವಕ್ಕೆ ತಿಥಿ ಎಂಗ್ಲಾ ಮಾಡೀಯ?"

ನಮ್ಮಲ್ಲಿ ಹನ್ನೊಂದನೆಯ ದಿನ ತಿಥಿ. ಅಂದು ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸತ್ತವರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಬದುಕಿರುವವರ ಹೆಸರಿನಲ್ಲಿ ಎಡೆ ಇಡುವುದು ಅವರ ಸಾವು ಬಯಸಿದ ಹಾಗೆ, ಅದಕ್ಕಿಂತ ದೊಡ್ಡ ಕೇಡು ಇಲ್ಲ. ಎಡೆಯನ್ನೇ ಇಡದಿದ್ದರೆ ಸತ್ತವರು ದಾರಿ ಸಿಗದೆ ಅಲೆಯುತ್ತಾರೆ. ಸೂತಕ ಕಳೆಯುವುದಿಲ್ಲ, ಮನೆಯಲ್ಲಿ ಒಂದು ಶುಭಕಾರ್ಯವೂ ಆಗುವುದಿಲ್ಲ. ಅತ್ತೆಗೆ ಈಗ ಮಗ ಸತ್ತಿದ್ದಾನೋ ಇಲ್ಲವೋ ಎಂಬುದೇ ಇತ್ಯರ್ಥವಾಗದೆ ಹೋಯಿತು.

ಭಾವ ನೇರ ಮನುಷ್ಯ. ಸಂಜೆ ನನ್ನನ್ನು ಹಿತ್ತಿಲಿಗೆ ಕರೆದರು. "ನೋಡವ್ವ, ನೀನು ಓದ್ದೋಳು, ನಿಂಗೆ ನಾನೇನೇಳ್ಲಿ. ಆ ಉಡ್ಗಿಗೆ ಏಳಿ ಅದನ್ನ ಆರಿಸ್ಬುಡು. ತಿಥಿ ನೆಟ್ಟಗೆ ಆಗ್ಲಿ."

ಆದರೆ ಅದನ್ನು ಕೇಳಿಸಿಕೊಂಡ ಅತ್ತೆ ರೇಗಿದರು. "ಇನ್ನೊಂದ್ಕಿತ ಸಾಯ್ಸೀರಾ ನನ್ ಮಗನ್ನ? ಸಾಯ್ಸಿ ಎಡೆ ಇಕ್ಕೀರಾ?"

ಅದನ್ನು ಕೊಲ್ಲುವ ಹಾಗಿಲ್ಲ, ಅದು ಇರುವಾಗ ತಿಥಿ ಮಾಡುವ ಹಾಗಿಲ್ಲ. ಭಾವ ನನ್ನ ಕಡೆ ನೋಡಿದರು, ಅತ್ತೆಯೂ ನನ್ನ ಕಡೆ ನೋಡಿದರು. ಅದು ನನ್ನ ಗಂಡನ ರಕ್ತ, ವಿಜ್ಞಾನ ಓದಿದವಳು ನಾನು, ಆ ಹುಡುಗಿಯನ್ನು ಮನೆಗೆ ಸೇರಿಸಿ ಉಪ್ಪಿಟ್ಟು ಕೊಟ್ಟವಳೂ ನಾನೇ.

ನಾನು ಅತ್ತೆಯ ಪಕ್ಕ ಕೂತು ಪಾಠ ಮಾಡಿದೆ. "ಅತ್ತೆ, ಅದು ಅವರಲ್ಲ. ಕತ್ತರಿಸಿ ಬಿಸಾಕಿದ ಉಗುರು ಇರುತ್ತಲ್ಲ, ಕೂದಲು ಇರುತ್ತಲ್ಲ, ಹಾಗೆ. ಅದಕ್ಕೆ ನೆನಪಿಲ್ಲ, ನೋವಿಲ್ಲ, ನೀವು ಯಾರು ಅಂತಲೂ ಗೊತ್ತಿಲ್ಲ."

"ಉಗುರು ಉಣ್ತದವ್ವ?" ಎಂದರು ಅತ್ತೆ.

ಆಹಾರ ತೆಗೆದುಕೊಳ್ಳುವುದು ಜೀವಿಗಳ ಲಕ್ಷಣ ಎಂದು ಮಕ್ಕಳಿಂದ ಸಾರಿ ಸಾರಿ ಹೇಳಿಸುವವಳು ನಾನೇ. ಶಾಸ್ತ್ರ ಮಾಡಿಸುವವರನ್ನು ಕೇಳಿದರೆ ಅವರು ಫೋನಿನಲ್ಲಿ ಆ ಹಸಿರು ಎಳೆಗಳ ಚಿತ್ರವನ್ನು ಹಿಂದೆ ಮುಂದೆ ನೋಡಿ, ಇಂಥದ್ದು ತಮ್ಮ ತಾತನ ಕಾಲದಲ್ಲೂ ಬಂದಿರಲಿಲ್ಲ ಎಂದು ಜಾರಿಕೊಂಡರು.

ಆ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು. ತಿಳಿದೂ ತಿಳಿದೂ ಬಾಯಿಬಿಟ್ಟ ಹುಡುಗಿಯ ಮೇಲೆ, ಅವಸರದ ಭಾವನ ಮೇಲೆ, ಇದ್ದಕ್ಕಿದ್ದಂತೆ ಹೋಗಿಬಿಟ್ಟ ಗಂಡನ ಮೇಲೆ. ಮನೆ ತುಂಬ ಜನ, ಯಾರಿಗೆ ಕಾಫಿ ಆಯಿತು ಯಾರಿಗೆ ಆಗಲಿಲ್ಲ ಎಂದು ನೋಡುತ್ತ ಓಡಾಡುತ್ತಿದ್ದೆ. ಅದರ ನಡುವೆಯೂ ಹುಡುಗಿಗೆ ಫೋನ್ ಮಾಡಿದಾಗಲೆಲ್ಲ ನನ್ನ ಬಾಯಿಂದ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ: "ಊಟ ಹಾಕಿದೆಯಾ?" ಅವಳು ಹಾಕಿದೆ ಎಂದರೆ ಮನಸ್ಸು ಸ್ವಲ್ಪ ತಣ್ಣಗಾಗುತ್ತಿತ್ತು. ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ.

"ನೀವು ಹೇಳಿದ್ರೆ ನಿಲ್ಲಿಸ್ತೀನಿ ಮೇಡಂ" ಎಂದಳು ಅವಳು. "ಬ್ಲೀಚ್ ಹಾಕಿದ್ರೆ ಕ್ಷಣದಲ್ಲಿ ಮುಗಿಯುತ್ತೆ. ನೋಡಿಕೊಂಡ್ರೆ ಇನ್ನೂ ಎಷ್ಟೋ ತಿಂಗಳು ಇರುತ್ತೆ. ಈಗ ಅದು ನಿಮ್ಮ ಕೈಯಲ್ಲಿದೆ."

ಬ್ಲೀಚ್ ನಮ್ಮ ಬಚ್ಚಲಲ್ಲೂ ಇರುತ್ತದೆ, ವಾರಕ್ಕೊಮ್ಮೆ ನಾನೇ ಹಾಕುತ್ತೇನೆ. ಸದ್ಯಕ್ಕೆ ಏನೂ ಮಾಡಬೇಡ ಎಂದೆ. ಕಛೇರಿಯ ವಿಷಯ ಕೇಳಿದೆ. ಅದು ಮುಂದಿನ ತಿಂಗಳಿಗೆ ಇತ್ತು, ಅವಳು ರದ್ದು ಮಾಡಬೇಕೆಂದಿದ್ದಳು. ತಿಥಿಯ ಹಿಂದಿನ ದಿನ ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಅವರು ಮುಂದಿನ ಕುರ್ಚಿಯಲ್ಲಿ ಕೂರಬೇಕೆಂದಿದ್ದರು, ಕೂರಲಾಗಲಿಲ್ಲ. ಕಡೆಗೆ ಕಛೇರಿಯಾದರೂ ಆಗಲಿ, ಆಮೇಲೆ ಏನು ಮಾಡಬೇಕೋ ನೋಡೋಣ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬೇರೆ ಏನೂ ತೋಚಿರಲಿಲ್ಲ.

ಡೈರಿ ಸೆಕ್ರೆಟರಿ ಒಂದೇ ಮಾತಿಗೆ ಒಪ್ಪಿದರು. ಅವರು ನಮ್ಮ ಬಳಗದವರಲ್ಲ, ಸೂತಕವಿಲ್ಲ, ಹಾಡಬಹುದು. ನಾನು ಹೋಗುವ ಹಾಗಿರಲಿಲ್ಲ. ತಿಥಿಯಾಗದೆ ಹೆಂಡತಿ ಹೊಸಲು ದಾಟಿ ಹಾಡು ಕೇಳಲು ಹೋದಳು ಎಂದು ಊರು ಆಡಿಕೊಳ್ಳುತ್ತದೆ ಎಂದು ಭಾವ ತಡೆದರು. ಆಗ ಅತ್ತೆಯೇ ಮೂಲೆಯಿಂದ ಎದ್ದು ಬಂದರು.

"ನಾನೂ ಓಯ್ತೀನಿ. ನನ್ ಮಗನೋ ಅಲ್ವೋ ನಾನ್ ನೋಡಿ ಏಳ್ತೀನಿ. ಅವ್ನೇ ಆದ್ರೆ ತಿಥಿ ಇಲ್ಲ, ಅದು ತಾನಾಗಿ ಆರೋಗಂಟ ಕಾಯ್ಬೇಕು. ಅಲ್ದಿದ್ರೆ ನಾಳೀಕೆ ಎಡೆ ಇಕ್ಕಿ."

ಎಲ್ಲರಿಗೂ ಒಂದು ದಾರಿ ಸಿಕ್ಕಿದ ಹಾಗಾಯಿತು. ನನಗೆ ಮಾತ್ರ ಒಳಗೊಳಗೇ ಭಯ. ಅವರು ಹೌದು ಅಂದರೆ ತಿಥಿ ನಿಂತು ಮನೆಯೆಲ್ಲ ಅತಂತ್ರ. ಅಲ್ಲ ಅಂದರೆ? ಆ ಕಡೆಯನ್ನು ನಾನು ಯೋಚಿಸಲು ಹೋಗಲಿಲ್ಲ. ಅಲ್ಲ ಎಂದು ನಾನೇ ವಾರದಿಂದ ಹೇಳಿಕೊಂಡು ಬಂದಿದ್ದೆನಲ್ಲ.

ಸಂಜೆ ಇನ್ನೂ ಬೆಳಕಿದ್ದಾಗ ಭಾವನೇ ಕಾರಿನಲ್ಲಿ ಕರೆದುಕೊಂಡು ಹೋದರು. ಒಳಗೆ ಬರಲಿಲ್ಲ, ಹೊರಗೆ ನಿಂತರು. ಭವನದಲ್ಲಿ ಅರ್ಧದಷ್ಟು ಜನ, ಹೆಚ್ಚಿನವರು ಅವರ ಶಿಷ್ಯರು ಮತ್ತು ಶಿಷ್ಯರ ಮನೆಯವರು. ರಂಗದ ಮೇಲೆ ನಮ್ಮ ಹಾರ್ಮೋನಿಯಂ, ಅದರ ಪಕ್ಕದ ಮೇಜಿನ ಮೇಲೆ ಮೈಸೂರಿನಿಂದ ಬೆಚ್ಚಗೆ ಇಟ್ಟುಕೊಂಡು ತಂದ ಪೆಟ್ಟಿಗೆ. ಹಿಂದೆ ಬಿಳಿ ಪರದೆ. ಹುಡುಗಿ ಬಂದು ನಮ್ಮನ್ನು ಮೊದಲ ಸಾಲಿಗೆ ಕರೆದೊಯ್ದಳು. ನನ್ನ ಗಂಡನಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಅತ್ತೆ ಕೂತರು.

ಸೆಕ್ರೆಟರಿ ಬಿಳಿ ಪಂಚೆ ಉಟ್ಟು ನಿಂತಿದ್ದರು. ಗದೆಯಿಲ್ಲ, ಕಿರೀಟವಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದರು. ಕಂದ ಶುರು ಮಾಡಿದರು. ಪರದೆಯ ಮೇಲೆ ಚುಕ್ಕೆಗಳು ಎದ್ದವು. ಹಾರ್ಮೋನಿಯಂ ಮೊದಮೊದಲು ಬಾಯಿಗೆ ಬಂದ ಹಾಗೆ ನುಡಿಯಿತು, ಸಾಲಿನ ನಡುವೆ ನುಗ್ಗಿತು, ನುಗ್ಗಬೇಕಾದ ಕಡೆ ಸುಮ್ಮನಾಯಿತು. ಹಿಂದೆ ಯಾರೋ ನಕ್ಕರು. ಸೆಕ್ರೆಟರಿ ಬೆವರಿದರು, ಬಿಡಲಿಲ್ಲ. ಅದು ನುಗ್ಗಿದಾಗ ತಾವು ನಿಂತರು, ಅದು ನಿಂತಾಗ ತಾವು ಎತ್ತಿಕೊಂಡರು. ಮೇಷ್ಟ್ರು ತಮಗೆ ಮಾಡುತ್ತಿದ್ದುದನ್ನು ಅವರು ಅದಕ್ಕೆ ಮಾಡುತ್ತಿದ್ದರು.

ಮೂರನೆಯ ಹಾಡಿನಲ್ಲಿ ಅದು ಆಯಿತು. ದೊಡ್ಡದೊಂದು ಸಾಲನ್ನು ಎಳೆದುಕೊಂಡು ಹೋದ ಸೆಕ್ರೆಟರಿಗೆ ಕೊನೆಯಲ್ಲಿ ಉಸಿರು ಸಾಲಲಿಲ್ಲ, ದನಿ ಒಡೆಯಿತು. ಅದೇ ಗಳಿಗೆಯಲ್ಲಿ ಹಾರ್ಮೋನಿಯಂ ಕೆಳಗಿನ ಷಡ್ಜವನ್ನು ಮೆಲ್ಲಗೆ, ಒಂದೇ ಸಮನೆ ಹಿಡಿದುಕೊಂಡಿತು. ಅವರು ಉಸಿರು ತೆಗೆದುಕೊಳ್ಳುವವರೆಗೆ ಹಿಡಿದೇ ಇತ್ತು. ಅವರು ಮತ್ತೆ ಹಾಡಿದಾಗ ಬಿಟ್ಟಿತು. ಹಿಂದಿನ ಸಾಲಿನ ಒಬ್ಬರು "ಮೇಷ್ಟ್ರೇ" ಎಂದು ಕೈಮುಗಿದದ್ದು ಕಂಡಿತು. ಸೆಕ್ರೆಟರಿ ಅಳುತ್ತಲೇ ಹಾಡಿದರು.

ಅದು ಆಕಸ್ಮಿಕ ಎಂದು ನನಗೆ ಗೊತ್ತು. ಅಷ್ಟು ಹೊತ್ತು ಅಷ್ಟು ಸ್ವರಗಳು ಬಂದರೆ ಒಂದಾದರೂ ಸರಿಯಾದ ಜಾಗದಲ್ಲಿ ಬೀಳಲೇಬೇಕು. ಇದನ್ನು ನನಗೆ ನಾನೇ ಹೇಳಿಕೊಂಡೆ. ಆದರೂ ಒಂದು ಕ್ಷಣ ಆ ಹಾರ್ಮೋನಿಯಮ್ಮಿನ ಹಿಂದೆ ಯಾರೂ ಇಲ್ಲದಿರುವುದು ನನ್ನ ಕಣ್ಣಿನ ತಪ್ಪು ಎನ್ನಿಸಿತು. ಸಂತೋಷವಾಯಿತು. ಆ ಮಾತನ್ನು ಬೇರೆ ಹೇಗೆ ಬರೆಯಬೇಕೋ ತಿಳಿಯದು. ಅವರು ಸತ್ತ ಮೇಲೆ ಮೊದಲ ಸಲ ನನಗೆ ಸಂತೋಷವಾಯಿತು.

ಅತ್ತೆಯ ಕಡೆ ತಿರುಗಿದೆ. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ, ಸಂತೆಯಲ್ಲಿ ರಾಗಿ ನೋಡುವ ಹಾಗೆ ಹಾರ್ಮೋನಿಯಮ್ಮನ್ನು ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಹಾಡು ಮುಗಿಯುವವರೆಗೆ ಕೂತಿದ್ದು, ಎದ್ದು, "ನಡಿಯವ್ವ" ಎಂದರು.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ಹೇಳಿದರು, "ಅದು ನನ್ ಮಗ ಅಲ್ಲ. ನಾಳೀಕೆ ತಿಥಿ ಮಾಡಿ."

"ಯಾಕತ್ತೆ?" ಎಂದೆ.

"ನಾನು ಎದ್ರುಗೇ ಕುಂತಿವ್ನಿ, ಅದ್ರ ಪಾಡಿಗೆ ಅದು ನುಡುಸ್ತಾನೇ ಅದೆ. ಅವ್ನು ಯಾವತ್ತು ನನ್ ಮುಂದೆ ನುಡುಸ್ದೋನು?"

ನನಗೆ ಅರ್ಥವಾಗಲಿಲ್ಲ. ಅವರು ಕೊನೆಯ ಮೆಟ್ಟಿಲಲ್ಲಿ ಕೂತು ಹೇಳಿದರು. ನನ್ನ ಗಂಡ ಹುಡುಗನಾಗಿದ್ದಾಗ ಎಲ್ಲಿಂದಲೋ ಒಂದು ಹಳೆಯ ಹಾರ್ಮೋನಿಯಂ ಪೆಟ್ಟಿಗೆ ತಂದು ನುಡಿಸುತ್ತ ಕೂತಿದ್ದರಂತೆ. ಕಳೆ ಕೀಳಲು ಬಾ ಎಂದರೆ ಬರಲಿಲ್ಲ. ಅತ್ತೆ ಸಿಟ್ಟಿನಲ್ಲಿ ನಾಲ್ಕು ಜನರ ಎದುರಿಗೆ ಬೈದರು, ಗೌಡನ ಮನೇಲಿ ಹುಟ್ಟಿ ಇದೇನು ಕೆಲಸ ಎಂದು. ಆವತ್ತಿನಿಂದ ತಾಯಿಯ ನೆರಳು ಕಂಡರೆ ಸಾಕು, ಹಾರ್ಮೋನಿಯಮ್ಮಿನ ಮನೆಗಳ ಮೇಲಿಂದ ಕೈ ತೆಗೆದುಬಿಡುತ್ತಿದ್ದರಂತೆ. "ದೊಡ್ಡೋನಾದ್ಮೇಲೂ ಅಂಗೇಯ. ನಾನೂ ನುಡ್ಸು ಅನ್ನಕ್ಕೋಗ್ಲಿಲ್ಲ. ಕೊಟ್ಗೆ ಮರೇಲಿ ನಿಂತ್ಕಂಡು ಕೇಳೋಳು. ಚೆಂದಾಗಿ ನುಡುಸೋನು ಕಣವ್ವ. ಅದಕ್ಕೆ ನನ್ ಕಂಡ್ರೆ ಏನೂ ಅನ್ನಿಸ್ಲಿಲ್ಲ. ಅದು ಬ್ಯಾರೆ ಜೀವ. ಅದನ್ನ ಯಾಕ್ ಸಾಯ್ಸೀರಿ, ಅದರ ಪಾಡಿಗೆ ಅದು ಇರ್ಲಿ."

ನಾನು ಹಿಂದಿನದನ್ನೆಲ್ಲ ನೆನೆದುಕೊಂಡೆ. ಅತ್ತೆ ನಂಜನಗೂಡಿನ ಮನೆಗೆ ಬಂದಾಗಲೆಲ್ಲ ನನ್ನ ಗಂಡ ಹಾರ್ಮೋನಿಯಮ್ಮಿನ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಧೂಳಿಗೆ ಎಂದುಕೊಂಡಿದ್ದೆ. ಅತ್ತೆ ಹೇಳಿದ್ದು ಸರಿ. ನಾನು ದಿನವೂ ಹೇಳುತ್ತಿದ್ದುದನ್ನೇ ಅವರು ತಮ್ಮ ರೀತಿಯಲ್ಲಿ ಕಂಡುಕೊಂಡಿದ್ದರು. ಬಟ್ಟಲು ಉಳಿಯಿತು, ತಿಥಿ ಆಗುತ್ತದೆ, ಭಾವನಿಗೂ ನಿರಾಳ. ನಾನು ಸರಿ ಅತ್ತೆ ಎನ್ನಬೇಕಿತ್ತು.

"ಇಲ್ಲ, ಅವರೇ ಅದು!" ಎಂದು ಕೂಗಿದೆ. ಅಂಗಡಿ ಸಾಲಿನ ಜನ ತಿರುಗಿ ನೋಡಿದರು. ಕಾರಿನ ಹತ್ತಿರವಿದ್ದ ಭಾವ ಗಾಬರಿಯಿಂದ ಓಡಿ ಬಂದರು. "ಅವರದೇ ರಕ್ತ ಅದು. ಉಸಿರು ಕಟ್ಟಿದಾಗ ಹೇಗೆ ಹಿಡ್ಕೊಂಡ್ರು, ಕೇಳಿಸ್ಲಿಲ್ವಾ ನಿಮಗೆ? ಅವರಲ್ಲದೆ ಇನ್ಯಾರು ಹಾಗೆ ಹಿಡಿತಾರೆ? ಅಲ್ಲ ಅನ್ನಬೇಡಿ ಅತ್ತೆ, ಅಲ್ಲ ಅನ್ನಬೇಡಿ."

ಅತ್ತೆ ಎದ್ದು ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಅವರ ಕೈ ಒರಟು, ಬಿಸಿಯಾಗಿತ್ತು.

"ಓಗವ್ನೆ ಕಣವ್ವ" ಎಂದರು. "ನಿನ್ ಗಂಡ ಓಗವ್ನೆ."

ಮಾರನೆಯ ದಿನ ಎಡೆಗೆ ನಾನೇ ಅಡುಗೆ ಮಾಡಿದೆ, ನಾನೇ ಬಡಿಸಿದೆ. ಭಾವ ಬಾಗಿಲು ಮುಚ್ಚಿದರು. ಒಳಗೆ ಯಾರೂ ಬಂದು ಉಣ್ಣುವುದಿಲ್ಲ ಎಂದು ನನಗೆ ಗೊತ್ತು. ಆದರೂ ಅವರು ಬಾಗಿಲು ತೆಗೆಯಲು ಹೋದಾಗ, ಇನ್ನೂ ಸ್ವಲ್ಪ ಹೊತ್ತು ಬಿಡಿ ಭಾವ ಎಂದೆ.